ಕಿರುತೆರೆಯಲ್ಲಿ ನರೆತೆರೆ

ಮನುಷ್ಯನ ವಯಸ್ಸನ್ನು ತಿಳಿಯಲು ಜಾತಕವೊಂದೇ ಸಾಧನವಲ್ಲ. ದಾರಿಯಲ್ಲಿ ಎದುರಾದ ಅಪರಿಚಿತನನ್ನು ಕಂಡ ಕೂಡಲೆ ಆತನು ಮೂವತ್ತರವನೋ ಐವತ್ತರವನೋ ಎಂಬುದನ್ನು ನಾವು ಹೆಚ್ಚು ಆಲೋಚಿಸದೆಯೆ ಊಹಿಸಿಬಿಡುತ್ತೇವೆ. 'ಅಣ್ಣಾ' ಎನ್ನಬೇಕೋ 'ಯಜಮಾನರೇ' ಎನ್ನಬೇಕೋ ಎಂಬ ನಿರ್ಧಾರವು ಮಾತು ತುಟಿಗೆ ಬರುವಷ್ಟರೊಳಗೆ ಆಗಿಹೋಗಿರುತ್ತದೆ. ಈ ಊಹೆಗೆ ಆಧಾರ ಯಾವುದು? ಬೆಳಕು. ಆ ವ್ಯಕ್ತಿಯ ಚರ್ಮ, ಕೂದಲು, ಕಣ್ಣುಗಳ ಮೇಲೆ ಬಿದ್ದ ಬೆಳಕು ಅಲ್ಲಿಂದ ಚದರಿ ನಮ್ಮ ಕಣ್ಣನ್ನು ಸೇರುವಾಗ ಆತನ ವಯಸ್ಸಿನ ಸಮಾಚಾರವನ್ನೂ ಹೊತ್ತು ತರುತ್ತದೆ. ನಮ್ಮ ಭಾಷೆಯಲ್ಲಿ ಮುಪ್ಪಿಗೆ 'ನರೆತೆರೆ' ಎಂಬ ಸೊಗಸಾದ ಜೋಡುಮಾತುಂಟು. ನರೆ ಎಂದರೆ ಬೆಳ್ಳಗಾದ ಕೂದಲು, ತೆರೆ ಎಂದರೆ ಚರ್ಮದ ಸುಕ್ಕು. ಎರಡೂ ಕಣ್ಣಿಗೆ ಕಾಣುವ ಸಂಗತಿಗಳೇ. ಹಿಂದಿನವರು ಮುಪ್ಪನ್ನು ಮೊದಲು ನೋಡಿ, ಆಮೇಲೆ ಅದಕ್ಕೆ ಹೆಸರಿಟ್ಟರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ಅದೇ ಕಣ್ಣನ್ನು ದೂರದರ್ಶನದ ಧಾರಾವಾಹಿಗಳ ಕಡೆಗೆ ತಿರುಗಿಸೋಣ. ಅಲ್ಲಿ ಒಂದು ಕುಟುಂಬ. ಮಗಳಿಗೆ ಇಪ್ಪತ್ತೈದು ವರ್ಷ. ತಾಯಿಗೆ ಕಥೆಯ ಲೆಕ್ಕದಂತೆ ಐವತ್ತಾದರೂ ಆಗಿರಬೇಕು; ಆದರೆ ಕಿವಿಯ ಮೇಲ್ಗಡೆ ಬೆರಳಗಲದ ಒಂದು ಬಿಳಿಯ ಪಟ್ಟೆಯನ್ನು ಬಿಟ್ಟರೆ ಆಕೆಗೂ ಮಗಳಿಗೂ ಭೇದವೇ ಇಲ್ಲ. ಅಜ್ಜಿಗೆ ಎಪ್ಪತ್ತು, ಆಕೆಯಾದರೋ ತೊಂಬತ್ತು ದಾಟಿದವಳಂತೆ ಬೆನ್ನು ಬಾಗಿಸಿ, ಕೋಲೂರಿ, ಮಾತಿಗೊಮ್ಮೆ ಕೆಮ್ಮುತ್ತಾಳೆ. ಕಥೆಯು 'ಇಪ್ಪತ್ತು ವರ್ಷಗಳ ತರುವಾಯ' ಎಂದು ಒಂದೇ ನೆಗೆತಕ್ಕೆ ಮುಂದೆ ಹಾರಿದಾಗಲಂತೂ ಮನೆಯ ಗೋಡೆಯ ಬಣ್ಣವು ಬದಲಾಗುತ್ತದೆ, ಮಕ್ಕಳು ದೊಡ್ಡವರಾಗುತ್ತಾರೆ, ತಾಯಿಯ ಕೆನ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಒಟ್ಟಿನಲ್ಲಿ ಕಿರುತೆರೆಗೆ ಗೊತ್ತಿರುವುದು ಎರಡೇ ವಯಸ್ಸು: ಒಂದು ಇಪ್ಪತ್ತೆಂಟು, ಇನ್ನೊಂದು ತೊಂಬತ್ತು. ನಡುವಿನ ಅರುವತ್ತು ವರ್ಷಗಳಿಗೆ ಅಲ್ಲಿ ಎಡೆಯಿಲ್ಲ.

ಇದು ಕೇವಲ ವೇಷಭೂಷಣದ ಲೋಪ, ಮನೋರಂಜನೆಯಲ್ಲಿ ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು ಎಂದು ಹಲವರು ಹೇಳಬಹುದು. ನನ್ನ ಅಭಿಪ್ರಾಯವು ಬೇರೆ. ದಿನವೂ ನೋಡುವ ಚಿತ್ರವು ನೋಡುವ ಕಣ್ಣಿಗೆ ಪಾಠ ಹೇಳುತ್ತದೆ. ತಪ್ಪು ಪಾಠವನ್ನು ವರ್ಷಗಟ್ಟಲೆ ಕಲಿತ ಕಣ್ಣು ಮನೆಯವರನ್ನೂ ಕಡೆಗೆ ತನ್ನನ್ನೂ ತಪ್ಪಾಗಿಯೇ ನೋಡುತ್ತದೆ. ಆ ತಪ್ಪು ಎಲ್ಲಿದೆ ಎಂಬುದನ್ನು ತೋರಿಸಲು ಪ್ರೌಢಶಾಲೆಯ ಭೌತವಿಜ್ಞಾನವೇ ಬಹುಮಟ್ಟಿಗೆ ಸಾಕು.

ಮೊದಲು ದೂರದ ಮಾತು. ಸಾಮಾನ್ಯ ದೃಷ್ಟಿಯುಳ್ಳವನ ಕಣ್ಣು ಕೋನದ ಒಂದು ಮಿನಿಟಿನಷ್ಟು, ಎಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು, ಅಂತರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯೆಂದು ಗುರುತಿಸಬಲ್ಲುದು. ಇದಕ್ಕೆ ಕಣ್ಣಿನ ಪೃಥಕ್ಕರಣ ಶಕ್ತಿಯೆಂದು ಹೆಸರು. ಒಂದು ಮೀಟರು ದೂರದಲ್ಲಿ ಈ ಕೋನವು ಸುಮಾರು ೦.೩ ಮಿಲಿಮೀಟರಿಗೆ ಸಮ. ೧೫ ಮೀಟರು ದೂರದಲ್ಲಿ ೪ ಮಿಲಿಮೀಟರಿಗೂ ಮಿಗಿಲು. ಯಕ್ಷಗಾನದ ಆಟವನ್ನು ೧೫ ಮೀಟರು ದೂರದಲ್ಲಿ ಕುಳಿತು ನೋಡುವವನಿಗೆ ವೇಷಧಾರಿಯ ಮುಖದ ನಿಜವಾದ ಸುಕ್ಕುಗಳು ಬೇರ್ಪಟ್ಟು ಕಾಣಲಾರವು. ಆದುದರಿಂದಲೆ ಚೌಕಿಯಲ್ಲಿ ಬಣ್ಣ ಹಚ್ಚುವವರು ಗೆರೆಗಳನ್ನು ದಪ್ಪವಾಗಿ ಎಳೆಯುತ್ತಾರೆ, ಗಡ್ಡಮೀಸೆಗಳನ್ನು ದೊಡ್ಡದಾಗಿ ಕಟ್ಟುತ್ತಾರೆ. ಅದು ಒರಟುತನವಲ್ಲ, ನೋಡುವವರು ಎಷ್ಟು ದೂರದಲ್ಲಿ ಕುಳಿತಿರುತ್ತಾರೆಂಬುದನ್ನು ಬಲ್ಲವರ ಲೆಕ್ಕಾಚಾರ.

ದೂರದರ್ಶನವು ನಮ್ಮನ್ನು ಎಲ್ಲಿ ಕೂರಿಸುತ್ತದೆ? ಪರದೆಯ ಎತ್ತರ ೫೩ ಸೆಂಟಿಮೀಟರಿರುವ ಪೆಟ್ಟಿಗೆಯನ್ನು (ಅಂಗಡಿಯವರು ಇದನ್ನು ನಾಲ್ವತ್ತಮೂರು ಇಂಚಿನದೆನ್ನುತ್ತಾರೆ) ನಾವು ೩ ಮೀಟರು ದೂರದಿಂದ ನೋಡುತ್ತಿದ್ದೇವೆ, ೨೫ ಸೆಂಟಿಮೀಟರು ಉದ್ದದ ಮುಖವೊಂದು ಪರದೆಯನ್ನು ಮೇಲಿಂದ ಕೆಳಗಿನವರೆಗೆ ತುಂಬಿದೆ ಎಂದು ಭಾವಿಸೋಣ. ಸಮರೂಪ ತ್ರಿಭುಜಗಳ ಲೆಕ್ಕದಿಂದ, ಅದು ಆ ನಟನನ್ನು ೧.೪ ಮೀಟರು ದೂರದಲ್ಲಿ ಎದುರಿಗೆ ಕೂರಿಸಿಕೊಂಡು ನೋಡಿದಂತೆ. ಇನ್ನು ೭ ಸೆಂಟಿಮೀಟರು ಎತ್ತರದ ಮೊಬೈಲು ಪರದೆಯನ್ನು ೩೦ ಸೆಂಟಿಮೀಟರು ದೂರದಲ್ಲಿ ಹಿಡಿದರೆ ಅದೇ ದೂರವು ೧ ಮೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಪುಟ್ಟ ಪರದೆಯು ನಮ್ಮನ್ನು ನಟರಿಗೆ ಇನ್ನೂ ಹತ್ತಿರ ಒಯ್ಯುತ್ತದೆಂಬುದು ಸೋಜಿಗವಲ್ಲವೆ? ಅಂತೂ ಧಾರಾವಾಹಿಯನ್ನು ನೋಡುವಾಗ ನಾವು ಬಯಲಿನಲ್ಲಿ ಕುಳಿತಿರುವುದಿಲ್ಲ. ಅವರ ಮನೆಯ ಜಗಲಿಯ ಮೇಲೆಯೇ, ಅವರಿಗೆ ಎದುರಾಗಿ ಕುಳಿತಿರುತ್ತೇವೆ.

ಆದರೆ ಹತ್ತಿರ ಕುಳಿತ ಮಾತ್ರಕ್ಕೆ ಎಲ್ಲವೂ ಕಾಣಬೇಕಾದುದಿಲ್ಲ. ಚಿತ್ರದಲ್ಲಿ ಅದು ದಾಖಲಾಗಿಯೂ ಇರಬೇಕು. ಭಾರತದ ಹಳೆಯ ಪದ್ಧತಿಯ ದೂರದರ್ಶನದಲ್ಲಿ ಒಟ್ಟು ೬೨೫ ಸಾಲುಗಳಿದ್ದು, ಅವುಗಳಲ್ಲಿ ಚಿತ್ರವನ್ನು ಹೊರುತ್ತಿದ್ದವು ೫೭೬ ಮಾತ್ರ. ೨೫ ಸೆಂಟಿಮೀಟರಿನ ಮುಖವನ್ನು ೫೭೬ ಸಾಲುಗಳಾಗಿ ಹಂಚಿದರೆ ಒಂದೊಂದು ಸಾಲಿಗೆ ೦.೪೩ ಮಿಲಿಮೀಟರು ಬರುತ್ತದೆ. ೧೦೮೦ ಸಾಲುಗಳ ಈಗಿನ ಚಿತ್ರದಲ್ಲಿ ಅದು ೦.೨೩ ಮಿಲಿಮೀಟರು, ೨೧೬೦ ಸಾಲುಗಳದರಲ್ಲಿ ೦.೧೨ ಮಿಲಿಮೀಟರು. ಒಂದು ಗೆರೆಯು ಪಕ್ಕದ ಗೆರೆಯಿಂದ ಬೇರ್ಪಟ್ಟು ತೋರಬೇಕಾದರೆ ಎರಡು ಸಾಲುಗಳಾದರೂ ಬೇಕು. ಹೀಗಾಗಿ ಹಳೆಯ ಪೆಟ್ಟಿಗೆಯಲ್ಲಿ ಕಣ್ಣಿನ ಮೂಲೆಯ ನವುರಾದ ಸುಕ್ಕುಗಳು ಕಲಸಿಹೋಗುತ್ತಿದ್ದವು. ಅಂಟಿಸಿದ ಗಡ್ಡದ ಅಂಚೂ ಹಾಗೆಯೇ ಕಲಸಿಹೋಗುತ್ತಿತ್ತು. ೧೯೮೮ರಿಂದ ೧೯೯೦ರವರೆಗೆ ಪ್ರಸಾರವಾದ ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲಿ ಪಿತಾಮಹ ಭೀಷ್ಮನ ಪಾತ್ರ ವಹಿಸಿದ ಮುಕೇಶ್ ಖನ್ನಾ ಅವರು ಹುಟ್ಟಿದ್ದು ೧೯೫೮ರಲ್ಲಿ. ಮೊಮ್ಮಗ ಯುಧಿಷ್ಠಿರನಾದ ಗಜೇಂದ್ರ ಚೌಹಾನ್ ಅವರು ಹುಟ್ಟಿದ್ದು ೧೯೫೬ರಲ್ಲಿ. ಅಜ್ಜನಿಗಿಂತ ಮೊಮ್ಮಗನೇ ಹಿರಿಯ! ಆದರೂ ಬಿಳಿಯ ಗಡ್ಡ, ಬಿಳಿಯ ಉಡುಪು, ಗಂಭೀರವಾದ ನಿಲುವು ಇಷ್ಟರಿಂದಲೆ ದೇಶವು ಆತನನ್ನು ಪಿತಾಮಹನೆಂದು ಒಪ್ಪಿತು. ಆ ಕಾಲದ ಸಾಲುಗಳು ಪ್ರಸಾಧನಕಲೆಗೆ ಅಷ್ಟು ಸಲಿಗೆಯನ್ನು ಕೊಟ್ಟಿದ್ದವು. ಇಂದು ಆ ಸಲಿಗೆಯಿಲ್ಲ. ಚಿತ್ರವು ನಾಲ್ಕು ಪಾಲು ಸೂಕ್ಷ್ಮವಾಯಿತು. ಧಾರಾವಾಹಿಗಳ ಮುಪ್ಪು ಮಾತ್ರ ಹಳೆಯ ಪೆಟ್ಟಿಗೆಯ ಅಳತೆಯಲ್ಲೇ ನಿಂತಿದೆ.

ಎರಡನೆಯದು ತೆರೆಯ ಮಾತು. ಚರ್ಮದ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲಷ್ಟೇ ಮೇಲ್ಮೈಯಲ್ಲಿ ಪ್ರತಿಫಲಿತವಾಗುತ್ತದೆ. ಉಳಿದುದು ಒಳಹೊಕ್ಕು, ಅಲ್ಲಿಯ ನಾರುಗಳಲ್ಲಿ ಚದರಿ, ಮೆಲನಿನ್ ಎಂಬ ವರ್ಣದ್ರವ್ಯದಲ್ಲಿಯೂ ರಕ್ತದಲ್ಲಿಯೂ ಕೊಂಚ ಹೀರಲ್ಪಟ್ಟು, ಮಿಕ್ಕಷ್ಟು ಹೊರಬರುತ್ತದೆ. ಜೀವಂತ ಮುಖಕ್ಕೆ ಒಳಗಿನಿಂದ ಬೆಳಗಿದಂತಹ ಮೃದುತ್ವವು ಬರುವುದು ಇದರಿಂದ. ಸುಕ್ಕಾದರೋ ಒಂದು ಬಣ್ಣವಲ್ಲ, ಅದೊಂದು ತಗ್ಗು. ಅದು ನಮಗೆ ಕಾಣುವುದು ತನ್ನೊಳಗಿನ ನೆರಳಿನಿಂದ. ಬೆಳಕು ಓರೆಯಾಗಿ ಬಂದರೆ ನೆರಳು ಉದ್ದವಾಗಿ ಸುಕ್ಕು ಎದ್ದು ತೋರುತ್ತದೆ; ನೇರವಾಗಿ ಎದುರಿನಿಂದ ಬಂದರೆ ನೆರಳೇ ಇಲ್ಲದೆ ಮಾಯವಾಗುತ್ತದೆ. ಚಂದ್ರನಲ್ಲಿಯೂ ಹೀಗೆಯೇ. ಹುಣ್ಣಿಮೆಯ ದಿನ ದೂರದರ್ಶಕದಿಂದ ನೋಡಿದರೆ ಚಂದ್ರನ ಬೆಟ್ಟಗುಣಿಗಳು ಅಷ್ಟಾಗಿ ಕಾಣುವುದಿಲ್ಲ; ಅಷ್ಟಮಿಯಂದು ಬೆಳಕು ಕತ್ತಲೆಗಳು ಸಂಧಿಸುವ ಗಡಿಯಲ್ಲಿ ಅವು ಕಡೆದಿಟ್ಟಂತೆ ಕಾಣುತ್ತವೆ. ಗೆಲಿಲಿಯೋ ೧೬೦೯ರಲ್ಲಿ ಚಂದ್ರನ ಮೇಲೆ ಬೆಟ್ಟಗಳಿವೆಯೆಂದು ಅರಿತದ್ದು ಈ ನೆರಳುಗಳಿಂದಲೇ. ನಮ್ಮ ಊರುಗಳಲ್ಲಿ ಸವೆದ ಶಿಲಾಶಾಸನಗಳನ್ನು ಓದುವವರು ನಡುಹಗಲನ್ನು ಬಿಟ್ಟು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲನ್ನು ಹಾರೈಸುವುದೂ ಇದೇ ಕಾರಣದಿಂದ.

ಧಾರಾವಾಹಿಗಳ ಮುಖಗಳೆಲ್ಲ ಹುಣ್ಣಿಮೆಯ ಮುಖಗಳು. ನಾಲ್ಕೂ ಕಡೆಯಿಂದ, ಅಗಲವಾದ ದೀಪಗಳಿಂದ, ಎದುರು ಬೆಳಕನ್ನು ಸುರಿದು ತಗ್ಗುಗಳ ನೆರಳನ್ನೆಲ್ಲ ತುಂಬಿಬಿಡುತ್ತಾರೆ. ಹೀಗೆ ನಿಜವಾದ ಸುಕ್ಕನ್ನು ಅಳಿಸಿದ ಬಳಿಕ, ಪಾತ್ರವು ಮುದುಕನದಾದರೆ, ಕಂದು ಬಣ್ಣದ ಕಡ್ಡಿಯಿಂದ ಹಣೆಯ ಮೇಲೆ ನಾಲ್ಕು ಗೆರೆಗಳನ್ನು ಬರೆಯುತ್ತಾರೆ. ಬರೆದ ಗೆರೆಗೂ ತಗ್ಗಿನ ಗೆರೆಗೂ ಇರುವ ಭೇದವನ್ನು ಯಾವ ವಿದ್ಯಾರ್ಥಿಯೂ ಕಂಡುಹಿಡಿಯಬಹುದು. ನಟನು ಮುಖವನ್ನು ಎಡದಿಂದ ಬಲಕ್ಕೆ ತಿರುಗಿಸಿದಾಗ ತಗ್ಗಿನ ನೆರಳು ಜಾಗ ಬದಲಿಸುತ್ತದೆ. ಬೆಳಗಿದ ಅಂಚು ಮಬ್ಬಾಗುತ್ತದೆ, ಮಬ್ಬಾಗಿದ್ದ ಅಂಚು ಬೆಳಗುತ್ತದೆ. ಬರೆದ ಗೆರೆಯು ಎತ್ತ ತಿರುಗಿದರೂ ಇದ್ದಂತೆಯೇ ಇರುತ್ತದೆ. ನೋಡುವವರು ಈ ತರ್ಕವನ್ನು ಮಾಡದಿರಬಹುದು; ಆದರೆ ಏನೋ ಸರಿಯಿಲ್ಲವೆಂಬುದನ್ನು ಅವರ ಕಣ್ಣು ಮನಗಾಣುತ್ತದೆ.

ಮೂರನೆಯದು ನರೆಯ ಮಾತು. ಕೂದಲಿಗೆ ಕಪ್ಪನ್ನು ಕೊಡುವುದು ಮೆಲನಿನ್. ಬೇರಿನಲ್ಲಿ ಇದನ್ನು ತಯಾರಿಸುವ ಜೀವಕೋಶಗಳು ವಯಸ್ಸಾದಂತೆ ಕುಂದಿದಾಗ ಅಲ್ಲಿಂದ ಮುಂದಕ್ಕೆ ಬೆಳೆಯುವ ಕೂದಲು ಬಣ್ಣವಿಲ್ಲದೆ ಹೊರಬರುತ್ತದೆ. ಅದು ಬೆಳ್ಳಗೆ ಕಾಣುವುದು ಬಿಳಿಯ ದ್ರವ್ಯವೊಂದು ಅದರಲ್ಲಿ ಸೇರಿರುವುದರಿಂದಲ್ಲ. ಪುಡಿ ಮಾಡಿದ ಗಾಜು, ಉಪ್ಪು, ನೊರೆ ಇವು ಬೆಳ್ಳಗೆ ಕಾಣುವಂತೆಯೇ, ಒಳಗಿನ ಅಸಂಖ್ಯ ಮೇಲ್ಮೈಗಳಲ್ಲಿ ಬೆಳಕು ಎಲ್ಲ ಬಣ್ಣಗಳಲ್ಲಿಯೂ ಸಮನಾಗಿ ಚದರುವುದರಿಂದ. ತಲೆಯ ಚರ್ಮದಿಂದ ಹೊರಬಂದ ಕೂದಲು ನಿರ್ಜೀವವಾದುದು. ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆದುದರಿಂದ ೩೦ ಸೆಂಟಿಮೀಟರಿನ ಜಡೆಯು ಎರಡೂವರೆ ವರ್ಷಗಳ ದಿನಚರಿಯಿದ್ದಂತೆ. ಅದರ ಹಳೆಯ ಪುಟಗಳನ್ನು ತಿದ್ದಲು ಶೋಕಕ್ಕೂ ಶಕ್ತಿಯಿಲ್ಲ. ಒಂದೇ ರಾತ್ರಿಯ ದುಃಖದಿಂದ ತಲೆಯೆಲ್ಲ ನರೆಯುವ ನಾಯಕಿಯು ಕಥೆಗಾರನ ಸೃಷ್ಟಿಯೇ ಹೊರತು ಪ್ರಕೃತಿಯದಲ್ಲ.

ಕಿರುತೆರೆಯವರು ನರೆಯನ್ನು ತೋರಿಸುವ ಬಗೆಯಲ್ಲಿಯೂ ದೋಷವುಂಟು. ಕಪ್ಪು ಕೂದಲಿನ ಮೇಲೆ ಬಿಳಿಯ ಪುಡಿಯನ್ನೋ ಬಣ್ಣವನ್ನೋ ಬಳಿದಾಗ ಬೆಳಕು ಆ ಕಣಗಳಿಂದ ಎಲ್ಲ ದಿಕ್ಕಿಗೂ ಚದರಿ ಕೂದಲು ಹೊಳಪನ್ನು ಕಳೆದುಕೊಳ್ಳುತ್ತದೆ. ಸುಣ್ಣ ಹಚ್ಚಿದಂತೆ ತೋರುತ್ತದೆ. ನಿಜವಾದ ಬಿಳಿಯ ಕೂದಲಿನ ಮೈ ನುಣುಪಾಗಿಯೇ ಇರುವುದರಿಂದ ಅದು ಬೆಳ್ಳಿಯ ತಂತಿಯಂತೆ ಮಿಂಚುತ್ತದೆ. ಅಲ್ಲದೆ ನರೆಯು ಎರಡು ಕಿವಿಗಳ ಮೇಲೂ ಸಮನಾದ ಪಟ್ಟೆಗಳಾಗಿ ಬರುವುದಿಲ್ಲ. ಕರಿಯ ಕೂದಲಿನ ನಡುವೆ ಬಿಳಿಯದು ಅಲ್ಲೊಂದು ಇಲ್ಲೊಂದಾಗಿ ಬೆರೆಯುತ್ತ ಹೋಗುತ್ತದೆ. ಇನ್ನು ಐವತ್ತರ ಗೃಹಿಣಿಯೊಬ್ಬಳು ಕೂದಲಿಗೆ ಬಣ್ಣ ಹಾಕಿಕೊಳ್ಳುವವಳಾದರೆ, ತಿಂಗಳು ಕಳೆಯುವಷ್ಟರಲ್ಲಿ ಬೈತಲೆಯ ಎರಡೂ ಕಡೆ ಒಂದು ಸೆಂಟಿಮೀಟರಿನ ಬಿಳಿಯ ಅಂಚು ಮೂಡುತ್ತದೆ. ಕೆಲಸದ ಒತ್ತಡ, ಕೈಯಲ್ಲಿ ಹಣವಿಲ್ಲದಿರುವುದು, ಮಗಳ ಮದುವೆ ಹತ್ತಿರವಾಗಿರುವುದು ಇವೆಲ್ಲವನ್ನೂ ಆ ಒಂದು ಸೆಂಟಿಮೀಟರು ಹೇಳಬಲ್ಲುದು. ಅಂತಹ ಬೈತಲೆಯನ್ನು ಯಾವ ಧಾರಾವಾಹಿಯಲ್ಲಿಯೂ ನಾನು ಕಂಡಿಲ್ಲ.

ಕನ್ನಡಕದ ವಿಚಾರವನ್ನು ಹೇಳದಿದ್ದರೆ ಭೌತವಿಜ್ಞಾನದ ಅಧ್ಯಾಪಕನಿಗೆ ಸಮಾಧಾನವಾಗದು. ಹತ್ತು ವರ್ಷದ ಬಾಲಕನು ೯ ಸೆಂಟಿಮೀಟರು ದೂರದ ಅಕ್ಷರವನ್ನೂ ಸ್ಪಷ್ಟವಾಗಿ ಕಾಣಬಲ್ಲನು. ಅರುವತ್ತರ ಹೊತ್ತಿಗೆ ಕಣ್ಣಿನ ಮಸೂರವು ಬಿಗಿದುಕೊಂಡು ಈ ಸಮೀಪ ಬಿಂದುವು ೮೦ ಸೆಂಟಿಮೀಟರಿಗೂ ಆಚೆ ಸರಿಯುತ್ತದೆ. ನಾಲ್ವತ್ತರ ಸುಮಾರಿಗೆ ಇದು ಅನುಭವಕ್ಕೆ ಬರುವುದರಿಂದಲೆ ನಮ್ಮ ಜನ ಇದನ್ನು 'ಚಾಳೀಸು' ಎಂದರು. ಚಾಳೀಸಿಗೆ ಕೊಡುವುದು ಪೀನ ಮಸೂರವನ್ನು. ಅದರ ಹಿಂದಿನ ಕಣ್ಣು ತುಸು ದೊಡ್ಡದಾಗಿ ಕಾಣುತ್ತದೆ; ದೂರದೃಷ್ಟಿ ಮಂದವಾದವರು ಧರಿಸುವ ನಿಮ್ನ ಮಸೂರದ ಹಿಂದೆ ಕಣ್ಣು ಚಿಕ್ಕದಾಗಿ, ಕೆನ್ನೆಯ ಅಂಚು ಒಳಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಧಾರಾವಾಹಿಯ ಅಜ್ಜನ ಕನ್ನಡಕದ ಮೂಲಕ ಕೆನ್ನೆಯ ಅಂಚನ್ನು ನೋಡಿರಿ. ಅದು ಎಲ್ಲಿಯೂ ಮುರಿಯದೆ ನೆಟ್ಟಗೆ ಸಾಗಿದ್ದರೆ ಅದು ಬರಿಯ ಸಪಾಟು ಗಾಜು. ಆತನು ಆ ಗಾಜಿನಿಂದಲೆ ದೂರದ ಬೆಟ್ಟವನ್ನೂ ಕೈಯ ಪತ್ರವನ್ನೂ ಒಂದೇ ಸಮನೆ ನೋಡುತ್ತಾನೆ! ನಿಜವಾದ ಅಜ್ಜನಾದರೆ ಪತ್ರವನ್ನು ತೋಳಿನಳತೆಗೆ ದೂರ ಹಿಡಿಯುತ್ತಾನೆ, ದೀಪದ ಕಡೆಗೆ ತಿರುಗುತ್ತಾನೆ. ಯಾರಾದರೂ ಮಾತನಾಡಿಸಿದರೆ ಗದ್ದವನ್ನು ತಗ್ಗಿಸಿ ಕನ್ನಡಕದ ಮೇಲಿನಿಂದ ನೋಡುತ್ತಾನೆ. ಇವು ನಟನಿಗೆ ಯಾವ ಖರ್ಚೂ ಇಲ್ಲದೆ ದೊರೆಯುವ ವಯಸ್ಸಿನ ಗುರುತುಗಳು.

ಮುಖವನ್ನು ಬಿಟ್ಟು ಮೈಯನ್ನು ನೋಡಿದರೂ ಅಷ್ಟೆ. ಕುರ್ಚಿಯಿಂದ ಏಳಬೇಕಾದರೆ ದೇಹದ ಗುರುತ್ವಕೇಂದ್ರವು ಪಾದಗಳ ಮೇಲಕ್ಕೆ ಬರಬೇಕು. ಇದರಿಂದ ಯಾರಿಗೂ ವಿನಾಯಿತಿಯಿಲ್ಲ. ಎಳೆಯರು ಮುಂದಕ್ಕೆ ತುಸು ಬಾಗಿ ತೊಡೆಯ ಬಲದಿಂದ ಚಂಗನೆ ಏಳುತ್ತಾರೆ. ಹಿರಿಯರು ಮೊದಲು ಅಂಚಿಗೆ ಸರಿಯುತ್ತಾರೆ, ಪಾದಗಳನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ, ಮಂಡಿಯ ಮೇಲೆ ಕೈಯೂರಿ ಹೆಚ್ಚು ಬಾಗುತ್ತಾರೆ, ಆಮೇಲೆ ಏಳುತ್ತಾರೆ. ನಡೆಯುವಾಗ ಅವರ ಹೆಜ್ಜೆಯು ಗಿಡ್ಡವಾಗಿ, ಎರಡೂ ಪಾದಗಳು ನೆಲದ ಮೇಲಿರುವ ಹೊತ್ತು ಹೆಚ್ಚುತ್ತದೆ. ಕಿವಿಯೂ ಸುಮ್ಮನಿರುವುದಿಲ್ಲ. ಇಂಗ್ಲೆಂಡಿನ ವೈದ್ಯ ಜೇಮ್ಸ್ ಹೀತ್‌ಕೋಟ್ ಅವರು ೨೦೬ ಜನರ ಕಿವಿಗಳನ್ನು ಅಳೆದು ೧೯೯೫ರಲ್ಲಿ ಪ್ರಕಟಿಸಿದ ವರದಿಯಂತೆ ಕಿವಿಯ ಉದ್ದವು ವರ್ಷಕ್ಕೆ ಸರಾಸರಿ ೦.೨೨ ಮಿಲಿಮೀಟರು ಹೆಚ್ಚುತ್ತದೆ. ಐವತ್ತು ವರ್ಷಗಳಲ್ಲಿ ಇದು ೧೧ ಮಿಲಿಮೀಟರಾಯಿತು. ಮೂವತ್ತರ ನಟನ ಮುಖಕ್ಕೆ ಎಷ್ಟು ಬಣ್ಣ ಬಳಿದರೂ ಕಿವಿಯು ಅವನ ಗುಟ್ಟನ್ನು ಹೊರಗೆಡಹುವುದು; ಕೈಯ ಬೆನ್ನೂ ಕೊರಳೂ ಅದಕ್ಕೆ ಸಾಕ್ಷಿ ನುಡಿಯುವವು.

ಇಷ್ಟೆಲ್ಲ ತೊಡಕಿದ್ದರೂ ಇದು ಅಸಾಧ್ಯವಾದ ಕೆಲಸವೇನೂ ಅಲ್ಲ. ೧೯೬೭ರಲ್ಲಿ ಅಮೆರಿಕದ ದೂರದರ್ಶನದಲ್ಲಿ ನಲವತ್ತೆರಡು ವರ್ಷದ ಹಾಲ್ ಹಾಲ್‌ಬ್ರೂಕ್ ಎಂಬ ನಟನು ಎಪ್ಪತ್ತರ ಮಾರ್ಕ್ ಟ್ವೈನನಾಗಿ ಕಾಣಿಸಿಕೊಂಡನು. ಆತನಿಗೆ ಆ ರೂಪವನ್ನು ಕೊಟ್ಟ ಡಿಕ್ ಸ್ಮಿತ್ ಎಂಬ ಪ್ರಸಾಧನಕಾರನಿಗೆ ಎಮ್ಮಿ ಪ್ರಶಸ್ತಿಯೂ ದೊರೆಯಿತು. ಇಡೀ ಮುಖಕ್ಕೆ ಒಂದೇ ಮುಖವಾಡವನ್ನು ತೊಡಿಸುವ ಬದಲು ನೊರೆರಬ್ಬರಿನ ಸಣ್ಣ ಸಣ್ಣ ತುಣುಕುಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಅಂಟಿಸುವ ಕ್ರಮವನ್ನು ರೂಢಿಗೆ ತಂದವರಲ್ಲಿ ಆತನು ಪ್ರಮುಖನು. ಇಂತಹ ತುಣುಕಿನಲ್ಲಿ ಸುಕ್ಕು ಬರೆದ ಗೆರೆಯಾಗಿರದೆ ನಿಜವಾದ ತಗ್ಗಾಗಿರುತ್ತದೆ. ನೆರಳು ತಾನಾಗಿಯೇ ಬರುತ್ತದೆ. ಈಚೆಗೆ ಬಳಕೆಗೆ ಬಂದ ಸಿಲಿಕೋನು ಬೆಳಕನ್ನು ಒಳಕ್ಕೆ ಬಿಟ್ಟುಕೊಂಡು ಚದರಿಸುವುದರಿಂದ ಚರ್ಮದ ಮೃದುತ್ವವನ್ನೂ ತಕ್ಕಮಟ್ಟಿಗೆ ಅನುಕರಿಸುತ್ತದೆ. ೨೦೧೬ರಿಂದ ೨೦೨೨ರವರೆಗೆ ನಡೆದ 'ದಿಸ್ ಈಸ್ ಅಸ್' ಎಂಬ ಅಮೆರಿಕದ ಧಾರಾವಾಹಿಯಲ್ಲಿ ತಾಯಿಯಾದ ಮ್ಯಾಂಡಿ ಮೂರ್ ಹುಟ್ಟಿದ್ದು ೧೯೮೪ರಲ್ಲಿ. ಆಕೆಯ ಬೆಳೆದ ಮಕ್ಕಳಾಗಿ ನಟಿಸಿದ ಮೂವರೂ ಆಕೆಗಿಂತ ಹಿರಿಯರು. ಆದರೂ ಅರುವತ್ತು ದಾಟಿದ ಆ ತಾಯಿಯನ್ನು ನೋಡುವವರು ನಂಬಿದರೆ, ಅದಕ್ಕೆ ತಾಸುಗಟ್ಟಲೆ ಕುಳಿತು ಅಂಟಿಸಿದ ತುಣುಕುಗಳೂ ಆಕೆ ಅಭ್ಯಾಸ ಮಾಡಿದ ನಿಧಾನವೂ ಕಾರಣ.

ಇದಕ್ಕಿಂತ ಸುಲಭವಾದ ಹಾದಿಯೂ ಉಂಟು: ಆಯಾ ವಯಸ್ಸಿಗೆ ಆಯಾ ವಯಸ್ಸಿನವರನ್ನೇ ಕರೆಯುವುದು. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್‌ಳ ಕಥೆಯಾದ 'ದಿ ಕ್ರೌನ್' ಎಂಬುದರಲ್ಲಿ (೨೦೧೬–೨೦೨೩) ಕ್ಲೇರ್ ಫಾಯ್, ಒಲಿವಿಯಾ ಕೋಲ್ಮನ್, ಇಮೆಲ್ಡಾ ಸ್ಟಾಂಟನ್ ಎಂಬ ಮೂವರು ನಟಿಯರು ಒಬ್ಬಳೇ ರಾಣಿಯ ಮೂರು ವಯಸ್ಸುಗಳನ್ನು ಒಬ್ಬರಾದ ಮೇಲೊಬ್ಬರು ವಹಿಸಿದರು. ನೋಡುವವರು ಮುಖ ಬದಲಾದುದನ್ನು ಕ್ಷಮಿಸಿದರು. ವಯಸ್ಸು ಬದಲಾಗದಿರುವುದಕ್ಕಿಂತ ಮುಖ ಬದಲಾಗುವುದೇ ಲೇಸು. ನಮ್ಮಲ್ಲಿಯೂ ಇದರ ಹಿರಿಯ ಮಾದರಿ ಇಲ್ಲದಿಲ್ಲ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿ ೧೯೮೬ರಲ್ಲಿ ಪ್ರಸಾರವಾದ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯಾದ ಮಂಜುನಾಥನು ಆಗ ಸುಮಾರು ಹತ್ತು ವರ್ಷದ ಬಾಲಕ. ತಂದೆಯಾದ ಗಿರೀಶ ಕಾರ್ನಾಡರು ಐವತ್ತರ ಹತ್ತಿರವಿದ್ದವರು. ಬಾಲಕನು ಬಾಲಕನಂತೆ ಕಂಡನು, ತಂದೆಯು ತಂದೆಯಂತೆ ಕಂಡನು. ಆ ಧಾರಾವಾಹಿಯ ಮೇಲೆ ಜನರಿಗೆ ಇಂದಿಗೂ ಇರುವ ವಿಶ್ವಾಸಕ್ಕೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ವಿದ್ಯಾರ್ಥಿ ವಾಚಕರಿಗೆ ನೇರವಾಗಿ ಸಂಬಂಧಿಸಿದ ಮಾತು ಈಗ ಬರುತ್ತದೆ. ೧೯೯೦ರಲ್ಲಿ ಮೊದಲಾದ 'ಬೆವರ್ಲಿ ಹಿಲ್ಸ್ ೯೦೨೧೦' ಎಂಬ ಪ್ರಸಿದ್ಧ ಅಮೆರಿಕನ್ ಧಾರಾವಾಹಿಯಲ್ಲಿ ಪ್ರೌಢಶಾಲೆಯ ಹುಡುಗಿಯಾಗಿ ನಟಿಸಿದ ಗೇಬ್ರಿಯೆಲ್ ಕಾರ್ಟೆರಿಸ್ ಹುಟ್ಟಿದ್ದು ೧೯೬೧ರಲ್ಲಿ. ಆಗ ಆಕೆಗೆ ಇಪ್ಪತ್ತೊಂಬತ್ತು. ಈ ಪದ್ಧತಿಯು ಅಲ್ಲಿಗೆ ನಿಲ್ಲಲಿಲ್ಲ. ಇಂದಿಗೂ ಹದಿನಾರರ ಹುಡುಗ ಹುಡುಗಿಯರ ಪಾತ್ರಗಳನ್ನು ಇಪ್ಪತ್ತೈದು ದಾಟಿದವರು ವಹಿಸುವುದು ಎಲ್ಲೆಡೆಯೂ ಸಾಮಾನ್ಯ. ನಿಜವಾದ ಹದಿನಾರರ ಮುಖವು ಹೇಗಿರುತ್ತದೆ? ಮೊಡವೆಗಳಿರುತ್ತವೆ, ಚಿಗುರುಮೀಸೆಯಿರುತ್ತದೆ, ಕೈಕಾಲುಗಳು ಮೈಗಿಂತ ಮುಂದಾಗಿ ಬೆಳೆದಿರುತ್ತವೆ. ಇವೆಲ್ಲ ಬೆಳವಣಿಗೆಯ ಆರೋಗ್ಯಕರವಾದ ಗುರುತುಗಳು. ಬೆಳೆದು ನೆಲೆನಿಂತ ಇಪ್ಪತ್ತೊಂಬತ್ತರ ಮುಖವನ್ನು ತೋರಿಸಿ 'ಇದೇ ಹದಿನಾರು' ಎಂದು ವರ್ಷಗಟ್ಟಲೆ ಹೇಳುತ್ತ ಬಂದರೆ, ಕನ್ನಡಿಯ ಮುಂದೆ ನಿಂತ ಹದಿನಾರರ ಹುಡುಗನು ತನ್ನಲ್ಲೇ ಏನೋ ಕೊರತೆಯಿದೆಯೆಂದು ಬಗೆಯುವುದು ಸಹಜ. ಆತನು ತನ್ನನ್ನು ಹೋಲಿಸಿಕೊಳ್ಳುತ್ತಿರುವುದು ತನ್ನ ಓರಗೆಯವರೊಡನೆ ಅಲ್ಲ, ತನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರೊಡನೆ. ಅಳತೆಗೋಲೇ ತಪ್ಪಾಗಿದ್ದರೆ ಅಳೆದ ವಸ್ತುವನ್ನು ದೂರಿ ಫಲವೇನು?

ಈ ತಪ್ಪು ಅಳತೆಗೋಲಿಗೆ ಗಣಕಯಂತ್ರವು ಈಗ ಹೊಸ ಬಲವನ್ನು ತಂದಿದೆ. ಚಿತ್ರದ ಪ್ರತಿಯೊಂದು ಬಿಂದುವಿನ ಹೊಳಪನ್ನೂ ತೆಗೆದುಹಾಕಿ, ಅದರ ಜಾಗದಲ್ಲಿ ನೆರೆಹೊರೆಯ ಬಿಂದುಗಳ ಸರಾಸರಿಯನ್ನಿಟ್ಟರೆ ಸಣ್ಣ ಏರುತಗ್ಗುಗಳೆಲ್ಲ ಮಾಯವಾಗಿ ದೊಡ್ಡ ಆಕಾರವಷ್ಟೇ ಉಳಿಯುತ್ತದೆ. ಕಣ್ಣು, ತುಟಿಗಳ ಅಂಚನ್ನು ಮಾತ್ರ ಮುಟ್ಟದೆ ಚರ್ಮವನ್ನೆಲ್ಲ ಹೀಗೆ ನಯಗೊಳಿಸುವುದೇ ಮೊಬೈಲಿನ 'ಸೌಂದರ್ಯ' ಸಾಧನಗಳ ಮೂಲ ಉಪಾಯ. ದೂರದರ್ಶನದ ಸಂಕಲನಕಾರರ ಬಳಿಯೂ ಇದೇ ಬಗೆಯ ಸಾಧನಗಳುಂಟು. ಪ್ರಯೋಗಶಾಲೆಯಲ್ಲಿ ನಾವು ಸರಾಸರಿಯನ್ನು ತೆಗೆಯುವುದು ಅಳತೆಯ ಏರುಪೇರುಗಳನ್ನು ಕಳೆದು ಸತ್ಯದ ಹತ್ತಿರ ಹೋಗುವುದಕ್ಕಾಗಿ. ಇಲ್ಲಿಯಾದರೋ ಕಾಲವು ಬರೆದ ಸಮಾಚಾರವನ್ನೇ ಏರುಪೇರೆಂದು ತಿಳಿದು ಅಳಿಸಿಬಿಡುತ್ತಾರೆ. ಹೆಚ್ಚು ಸಾಲುಗಳ ಪರದೆಗೆ ಹಣ ತೆತ್ತು, ಆ ಸಾಲುಗಳಲ್ಲಿ ತೋರಬೇಕಾದುದನ್ನು ಒರಸಿ ಹಾಕಿಸಿಕೊಳ್ಳುವುದು ವಿಚಿತ್ರವಾದ ವ್ಯಾಪಾರವೇ ಸರಿ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ನಾಟಕವು ನಾಟಕವೇ, ಅಲ್ಲಿ ಸಂಕೇತವು ಸಾಕು, ಭೀಷ್ಮನ ಗಡ್ಡವನ್ನು ಒಪ್ಪಿದ ಜನ ತಾಯಿಯ ಬಿಳಿಯ ಪಟ್ಟೆಯನ್ನೇಕೆ ಒಪ್ಪಬಾರದು ಎಂಬುದು ಮೊದಲನೆಯದು. ಸಂಕೇತಕ್ಕೆ ನನ್ನ ವಿರೋಧವಿಲ್ಲ. ಯಕ್ಷಗಾನವೂ ಪುರಾಣನಾಟಕವೂ ತಾವು ಸಂಕೇತಗಳೆಂದು ಮೊದಲೇ ಸಾರಿಕೊಂಡು ರಂಗಕ್ಕೆ ಬರುತ್ತವೆ, ಅಲ್ಲಿ ಮೋಸವಿಲ್ಲ. ಸಾಂಸಾರಿಕ ಧಾರಾವಾಹಿಯಾದರೋ 'ಇದು ನಿಮ್ಮದೇ ಮನೆಯಂತಹ ಮನೆ' ಎಂದು ಹೇಳಿಕೊಂಡು ಒಳಗೆ ಬರುತ್ತದೆ. ಹಾಗೆ ಹೇಳಿದ ಮೇಲೆ ನಮ್ಮ ಮನೆಯ ಅಳತೆಗೆ ಅದು ಒಳಪಡಬೇಕು.

ಎಲ್ಲರಿಗೂ ಮುಪ್ಪು ಒಂದೇ ಸಮನೆ ಬರುವುದಿಲ್ಲ, ಅರುವತ್ತಾದರೂ ಗಟ್ಟಿಮುಟ್ಟಾಗಿರುವವರಿಲ್ಲವೆ ಎಂಬುದು ಎರಡನ��ಯದು. ಖಂಡಿತ ಇದ್ದಾರೆ; ನನ್ನ ವಾದಕ್ಕೆ ಅದು ಬಲವನ್ನೇ ಕೊಡುತ್ತದೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು ೩೨ ವರ್ಷ. ಈಗ ಅದು ೭೦ರ ಸುಮಾರು. ಆಗ ಎಳೆಯ ಮಕ್ಕಳ ಮರಣವು ಹೆಚ್ಚಾಗಿದ್ದುದೇ ಆ ಸಣ್ಣ ಸಂಖ್ಯೆಗೆ ಮುಖ್ಯ ಕಾರಣವೆಂಬುದು ನಿಜ. ಆದರೂ ಅರುವತ್ತು ದಾಟಿದವರ ಆರೋಗ್ಯವೂ ಸುಧಾರಿಸಿದೆಯೆಂಬುದರಲ್ಲಿ ಸಂದೇಹವಿಲ್ಲ. ಇಂದಿನ ಅರುವತ್ತೈದರ ಅಜ್ಜಿ ಸ್ಕೂಟರಿನಲ್ಲಿ ತರಕಾರಿ ತರುತ್ತಾಳೆ, ಮೊಮ್ಮಗನಿಗೆ ಗಣಿತ ಹೇಳುತ್ತಾಳೆ. ಆಕೆಯ ಕೂದಲು ಬೆಳ್ಳಗಿದೆ, ಬೆನ್ನು ನೆಟ್ಟಗಿದೆ. ನರೆಯೂ ಉಂಟು, ಬಲವೂ ಉಂಟು. ಇವೆರಡನ್ನೂ ಒಂದೇ ದೇಹದಲ್ಲಿ ತೋರಿಸಲು ಕಿರುತೆರೆಗೆ ಬಾರದು. ಬಲವಿದ್ದರೆ ಸುಕ್ಕನ್ನು ಅಳಿಸುತ್ತದೆ. ಸುಕ್ಕಿದ್ದರೆ ಕೋಲು ಕೊಡುತ್ತದೆ. ಹೀಗೆ ಮುಪ್ಪೆಂದರೆ ರೋಗ, ಸುಕ್ಕೆಂದರೆ ಸೋಲು ಎಂಬ ಭಾವನೆಯನ್ನು ಎಳೆಯರ ಮನಸ್ಸಿನಲ್ಲಿ ಬಿತ್ತುತ್ತದೆ. ಇದರ ಇನ್ನೊಂದು ಫಲವನ್ನೂ ಮರೆಯಬಾರದು. ಐವತ್ತರ ತಾಯಿಯ ಪಾತ್ರವನ್ನು ಮೂವತ್ತರ ನಟಿಗೆ ಕೊಟ್ಟಾಗಲೆಲ್ಲ ಐವತ್ತರ ನಟಿಯೊಬ್ಬಳು ಕೆಲಸವಿಲ್ಲದೆ ಮನೆಯಲ್ಲಿ ಕುಳಿತುಕೊಳ್ಳುತ್ತಾಳೆ. ಮೂವತ್ತು ವರ್ಷಗಳ ಅನುಭವದಿಂದ ಆಕೆಯ ಮುಖವು ಗಳಿಸಿದ ಭಾವಗಳು ಯಾರ ಉಪಯೋಗಕ್ಕೂ ಬಾರದೆ ಹೋಗುತ್ತವೆ.

ಆದುದರಿಂದ ಧಾರಾವಾಹಿಗಳನ್ನು ತಯಾರಿಸುವವರಲ್ಲಿ ಕೇಳಿಕೊಳ್ಳಬೇಕಾದುದು ಹೆಚ್ಚಿನದೇನೂ ಅಲ್ಲ. ಪಾತ್ರದ ವಯಸ್ಸಿಗೆ ಹತ್ತಿರದ ನಟರನ್ನು ಆರಿಸಲಿ. ಕಥೆಯು ಇಪ್ಪತ್ತು ವರ್ಷ ಮುಂದಕ್ಕೆ ಹಾರಿದರೆ ನಟರನ್ನು ಬದಲಾಯಿಸಲು ಅಂಜದಿರಲಿ. ಒಬ್ಬರೇ ನಟಿಸಬೇಕಾದಲ್ಲಿ ಕೂದಲಿಗೆ ಸುಣ್ಣ ಬಳಿಯುವ ಮೊದಲು ಕುಳಿತೇಳುವುದನ್ನು ಅಭ್ಯಾಸ ಮಾಡಿಸಲಿ. ಎದುರು ದೀಪಗಳಲ್ಲಿ ಒಂದನ್ನು ಆರಿಸಿ, ಒಂದನ್ನು ಪಕ್ಕಕ್ಕೆ ಸರಿಸಲಿ. ಇದರಿಂದ ವಿದ್ಯುತ್ತಿನ ಖರ್ಚೂ ಉಳಿಯುತ್ತದೆ!

ವಿದ್ಯಾರ್ಥಿ ಮಿತ್ರರಿಗೆ ಒಂದು ಸಣ್ಣ ಪ್ರಯೋಗವನ್ನು ಸೂಚಿಸುತ್ತೇನೆ. ಕತ್ತಲಾದ ಮೇಲೆ ಕೋಣೆಯ ದೀಪವನ್ನು ಆರಿಸಿ, ಮನೆಯ ಹಿರಿಯರೊಬ್ಬರ ಒಪ್ಪಿಗೆಯನ್ನು ಪಡೆದು, ಅವರ ಕೈಯ ಬೆನ್ನಿನ ಮೇಲೆ ಬ್ಯಾಟರಿಯ ಬೆಳಕನ್ನು ಮೊದಲು ನೇರವಾಗಿಯೂ ಅನಂತರ ಪಕ್ಕದಿಂದ ಓರೆಯಾಗಿಯೂ ಬೀಳಿಸಿರಿ. ನೇರ ಬೆಳಕಿನಲ್ಲಿ ಒಂದು ಸಾಮಾನ್ಯವಾದ ಕೈ ಕಾಣುವುದು. ಓರೆ ಬೆಳಕಿನಲ್ಲಿ ಉಬ್ಬಿದ ನರಗಳು, ಚೌಕುಳಿಯಂತೆ ಹೆಣೆದುಕೊಂಡ ನವುರು ಗೆರೆಗಳು, ಎಂದೋ ಕುಡುಗೋಲು ತಾಗಿದ ಗಾಯದ ಗುರುತು ಎಲ್ಲವೂ ಒಮ್ಮೆಲೆ ಎದ್ದು ನಿಲ್ಲುವುವು. ಆ ಗುರುತು ಯಾವಾಗಿನದೆಂದು ಕೇಳಿರಿ. ಅವರು ಹೇಳುವ ಉತ್ತರವು ಅಂದಿನ ಧಾರಾವಾಹಿಯ ಕಂತಿಗಿಂತ ಕಡಿಮೆ ಸ್ವಾರಸ್ಯದ್ದಾಗಿರಲಾರದು.